ಗೆದ್ದವರ ತಕರಾರು

ಬಾದಾಮಿ
2 ಡಿಸೆಂಬರ್ 2024

ಬೀಗರಾದ ಅಂದಾನಪ್ಪನವರಿಗೆ ಹೊಳಬಸಪ್ಪನ ಶರಣು ಶರಣಾರ್ಥಿ.

ಕೈಯಲ್ಲಿ ಫೋನು ಇಟ್ಟುಕೊಂಡು ಕಾಗದ ಯಾಕೆ ಬರೆದರು ಎಂದು ನಿಮಗೆ ಅನಿಸಬಹುದು. ಹಾಗೆ ಅನಿಸಿದರೆ ಶನಿವಾರ ಸಂಜೆ ನಾವು ಫೋನಿನಲ್ಲಿ ಆಡಿದ ಮಾತು ನಿಮಗೆ ಮರೆತಿದೆ ಎಂದಾಯಿತು. ನನಗೆ ಮರೆತಿಲ್ಲ, ನಮ್ಮ ಓಣಿಗೂ ಮರೆತಿಲ್ಲ. ಮಕ್ಕಳ ಲಗ್ನ ಇಳಕಲ್ಲಿನಲ್ಲೋ ಬಾದಾಮಿಯಲ್ಲೋ ಎಂದು ಕೇಳಲು ನಾನು ಫೋನು ಮಾಡಿದ್ದು. ಅಲ್ಲಿಂದ 1996ರ ವಲಯ ಮಟ್ಟದ ಫೈನಲ್ಲಿಗೆ ಹೇಗೆ ಹೋದೆವೋ ಶಿವನೇ ಬಲ್ಲ. ನಿಮ್ಮವರು ಗೋಲು ಹೊಡೆಯುವ ಮೊದಲೇ ಚೆಂಡು ಬದಿಯ ಗೆರೆ ದಾಟಿ ಹೊರಗೆ ಹೋಗಿತ್ತು, ನನ್ನ ಎರಡು ಕಣ್ಣಿನಿಂದ ನೋಡಿದ್ದೇನೆ ಎಂದು ನಾನು ಅಂದದ್ದು ನಿಜ. ಇಪ್ಪತ್ತೆಂಟು ವರ್ಷದಿಂದ ಅನ್ನುತ್ತಿದ್ದೇನೆ. ಅದಕ್ಕೆ ನೀವು, "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ" ಎಂದಿರಿ. ಗಂಡಿನ ತಂದೆಗೆ ಆಡುವ ಮಾತೇ ಅದು?

ನಮ್ಮ ಅವ್ವ ಶಿವಲಿಂಗವ್ವ ಪಕ್ಕದಲ್ಲೇ ಜೋಳ ಹಸನು ಮಾಡುತ್ತ ಕೂತಿದ್ದಳು. ಎಂಬತ್ತಾರರ ಆಕೆಗೆ ಬೇಕಾದದ್ದು ಕೇಳಿಸುವುದಿಲ್ಲ, ಬೇಡಾದದ್ದು ಒಂದೂ ತಪ್ಪುವುದಿಲ್ಲ. "ನೀ ಬಾದಾಮಿ ಕಾಲೇಜಿನ ಪೀಟಿ ಮಾಸ್ತರ, ಅಂವ ಇಳಕಲ್ ಕಾಲೇಜಿನ ಪೀಟಿ ಮಾಸ್ತರ. ಇಬ್ರೂ ಬಾಯಾಗ ಸೀಟಿ ಇಟಗೊಂಡ ಹುಟ್ಟೀರಿ. ಇನ್ನ ಮ್ಯಾಲ ಫೋನ್ ಬ್ಯಾಡ. ಏನಿದ್ರೂ ಬರದ ಕಳಸ್ರಿ, ಬರಿಯೂದ್ರಾಗ ಸಿಟ್ಟು ಆರತೈತಿ. ಇನ್ನೊಮ್ಮಿ ನೀವಿಬ್ರು ಜಗಳಾಡಿದ್ದು ಕಿವಿಗೆ ಬಿತ್ತಂದ್ರ ಈ ಸಂಬಂಧಾನ ಮುರೀತೇನಿ" ಎಂದಳು. ಅವ್ವ ಆಡಿದ್ದನ್ನು ಮಾಡಿ ತೋರಿಸುವವಳು. ನನ್ನ ತಂಗಿಗೆ ಬಂದ ಎರಡು ಸಂಬಂಧ ಹಾಗೇ ಹೋದವು.

ನನ್ನ ಮಗ ಚೇತನಕುಮಾರ, ನಿಮ್ಮ ಐಶ್ವರ್ಯ ಒಬ್ಬರನ್ನೊಬ್ಬರು ಮೆಚ್ಚಿದ್ದಾರೆ. ಫೆಬ್ರುವರಿಯ ತನಕ ನಾವಿಬ್ಬರೂ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಈ ಕಾಗದವನ್ನು ನಿಮ್ಮೂರ ಬಸ್ಸಿನ ಕಂಡಕ್ಟರ್ ನಜೀರಸಾಬನ ಕೈಯಲ್ಲಿ ಕಳಿಸುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿ. ಒಡೆದು ಓದುವುದಿಲ್ಲ ಎಂದು ಮಾತು ಕೊಟ್ಟಿದ್ದಾನೆ. ಆದರೂ ಉತ್ತರಕ್ಕೆ ಅಂಟು ಸ್ವಲ್ಪ ಜಾಸ್ತಿ ಹಚ್ಚಿರಿ.

ಹೊಳಬಸಪ್ಪ


ಇಳಕಲ್
5 ಡಿಸೆಂಬರ್ 2024

ಹಿರಿಯರೂ ಬೀಗರೂ ಆದ ಹೊಳಬಸಪ್ಪನವರಿಗೆ ಅಂದಾನಪ್ಪನ ಶರಣಾರ್ಥಿ.

ಕಾಗದ ಮುಟ್ಟಿತು. ನಜೀರಸಾಬ ಓದಿಲ್ಲ. ಆದರೆ ಕೊಟ್ಟು ಹೋಗುವಾಗ, "ಆ ಗಾದಿಮಾತು ಅನಬಾರದಿತ್ರಿ ಸರ" ಎಂದು ನನಗೆ ಬುದ್ಧಿ ಹೇಳಿ ಹೋದ. ಅವನು ಹೇಳಿದ್ದು ಸರಿ. ಗಾದೆಮಾತು ವಾಪಸು ತೆಗೆದುಕೊಂಡಿದ್ದೇನೆ. ಚೆಂಡಿನ ಮಾತು ಕಾಗದದಲ್ಲೂ ಬೇಡ. ಅದನ್ನು ಅಲ್ಲಿಗೇ ಬಿಡೋಣ.

ಬಿಡೋಣ ಎನ್ನುವಾಗಲೇ ಹೊಸದೊಂದು ಗಂಟು ಬಿದ್ದಿದೆ. ನಮ್ಮೂರಲ್ಲಿ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿ ಇಟ್ಟಿರುವ ವಿಜಯಮಹಾಂತೇಶ ನಿಮಗೆ ಗೊತ್ತು. ಹೋದ ವರ್ಷ ಇದೇ ದಿನಗಳಲ್ಲಿ ಕಲ್ಲಿನ ವ್ಯಾಪಾರಕ್ಕೆಂದು ಅಮೆರಿಕಕ್ಕೆ ಹೋಗಿದ್ದ. ಗಿರಾಕಿಗಳು ಅವನನ್ನು ಕಾಲೇಜು ಹುಡುಗರ ಫುಟ್‌ಬಾಲ್ ನೋಡಲು ಕರೆದೊಯ್ದರಂತೆ. ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಹೆಸರು ಮಾತ್ರ ಫುಟ್‌ಬಾಲ್. ಅದು ಅವರ ಮನೆಯ ವಿಚಾರ. ವಿಶೇಷ ಏನೆಂದರೆ, ಹಂಗಾಮು ಮುಗಿದು ಎಲ್ಲರೂ ಮನೆಗೆ ಹೋಗಬೇಕಾದ ಹೊತ್ತಿಗೆ ಅಲ್ಲಿ ಮತ್ತೆ ಆಟ ಶುರುವಾಗುತ್ತದೆ. ಅರ್ಧ ಗೆದ್ದು ಅರ್ಧ ಸೋತ ತಂಡಗಳನ್ನೂ ಮರ್ಯಾದೆಯಿಂದ ಕರೆದು, ಜೋಡಿ ಮಾಡಿ ಆಡಿಸುತ್ತಾರೆ. ಇಂಥ ಪಂದ್ಯಕ್ಕೆ ಬೌಲ್, ಅಂದರೆ ಬಟ್ಟಲು, ಎನ್ನುತ್ತಾರೆ. ಆಲೂಗಡ್ಡೆಯ ಹೆಸರಲ್ಲೂ ಒಂದು ಇದೆಯಂತೆ. ಒಂದು ಕಡೆ ಗೆದ್ದ ಕೋಚಿನ ತಲೆಯ ಮೇಲೆ ಬಕೆಟ್ ತುಂಬ ಮೊಟ್ಟೆಯ ಸಾಸು ಸುರಿದದ್ದನ್ನು ಅವನು ಫೋನಿನಲ್ಲಿ ನನಗೆ ತೋರಿಸಿದ.

ಈಗ ಅವನಿಗೂ ಒಂದು ಆಡಿಸಬೇಕಾಗಿದೆ. ಈ ಸಲದ ವಲಯ ಪಂದ್ಯಗಳಲ್ಲಿ ಮೂರು ಗೆದ್ದು ಮೂರು ಸೋತ ಕಾಲೇಜುಗಳು ಎರಡೇ. ಒಂದು ನಿಮ್ಮದು, ಇನ್ನೊಂದು ನಮ್ಮದು. ಗೆದ್ದವರಿಗೆ ಕೊಡುವ ಕಪ್ಪಿನ ಬದಲು ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಬಟ್ಟಲು ಕೆತ್ತಿಸಿದ್ದಾನೆ. ಒಬ್ಬನಿಂದ ಎತ್ತಲಾಗದು, ನಾನು ಪ್ರಯತ್ನ ಮಾಡಿ ಸೊಂಟ ಹಿಡಿಸಿಕೊಂಡಿದ್ದೇನೆ. ನಮ್ಮ ಊಟಕ್ಕೆ ಮೊಟ್ಟೆ ಹೊಂದುವುದಿಲ್ಲ ಎಂದು ಗೆದ್ದ ಕೋಚಿಗೆ ಸಾಸಿನ ಬದಲು ಮಜ್ಜಿಗೆ ಸುರಿಯುವುದು ಎಂದು ತೀರ್ಮಾನವಾಗಿದೆ. ಜನವರಿ 5, ರವಿವಾರ, ನಡುವಿನ ಊರು ಎಂದು ಹುನಗುಂದದ ಮೈದಾನದಲ್ಲಿ.

ಬೇಡ ಎನ್ನೋಣವೆಂದರೆ ಎರಡೂ ಕಾಲೇಜಿನ ಪ್ರಿನ್ಸಿಪಾಲರು ಆಗಲೇ ಒಪ್ಪಿ ಸಹಿ ಹಾಕಿದ್ದಾರೆ. ರೆಫ್ರಿಯಾಗಿ ಐಶ್ವರ್ಯಳೇ ಇರಲಿ ಎಂದು ಹಟ ಹಿಡಿದಿದ್ದಾರೆ. ಆಕೆ ರಾಜ್ಯಮಟ್ಟದ ರೆಫ್ರಿ ಎಂಬುದು ಒಂದು ಕಾರಣ. ಒಂದು ತಂಡದ ಕೋಚಿಗೆ ಮಗಳು, ಇನ್ನೊಂದರ ಕೋಚಿಗೆ ಸೊಸೆ, ಇದಕ್ಕಿಂತ ತಟಸ್ಥರು ಎಲ್ಲಿ ಸಿಗಬೇಕು ಎಂಬುದು ಇನ್ನೊಂದು. ಹಂಗಾಮು ಮುಗಿದಿರುವುದರಿಂದ ಬದಿಯ ಗೆರೆ ಕಾಯಲು ಲೈನ್ಸ್‌ಮನ್ ಸಿಗುವುದಿಲ್ಲ. 1996ರಲ್ಲಿ ಮಾಡಿದಂತೆ ಮೈದಾನದ ಆ ಬದಿಗೆ ನೀವು, ಈ ಬದಿಗೆ ನಾನು ಬಾವುಟ ಹಿಡಿಯಬೇಕು.

ನಿಮ್ಮ ಅಪ್ಪಣೆಗೆ ಕಾಯುವ,
ಅಂದಾನಪ್ಪ


ಬಾದಾಮಿ
9 ಡಿಸೆಂಬರ್ 2024

ಬೀಗರಿಗೆ ಶರಣು.

ಪ್ರಿನ್ಸಿಪಾಲರು ಒಪ್ಪಿದ ಮೇಲೆ ನಮ್ಮದೇನಿದೆ, ಆಡೋಣ.

ಒಂದು ಮಾತು ಹೇಳಿಬಿಡುತ್ತೇನೆ. ಜನವರಿ 31ಕ್ಕೆ ನನ್ನ ನಿವೃತ್ತಿ. ಮೂವತ್ತೊಂದು ವರ್ಷ ಹುಡುಗರನ್ನು ಬೆಳಗಿನ ಐದಕ್ಕೆ ಎಬ್ಬಿಸಿ ಓಡಿಸಿದ್ದೇನೆ. ನನ್ನ ಕೋಣೆಯಲ್ಲಿ ಕಪ್ಪು ಇಡಲೆಂದು ಗಾಜಿನ ಕಪಾಟು ಇದೆ. ಮೊದಲ ವರ್ಷ ನಾನೇ ಮುಂದೆ ನಿಂತು ಮಾಡಿಸಿದ್ದು. ಅದರಲ್ಲಿ ಈಗ ಪ್ಯೂನ್ ಚಹಾದ ಕಪ್ಪು-ಬಸಿ ಇಡುತ್ತಾನೆ. ಹೋಗುವ ಮೊದಲು ಅಲ್ಲಿ ಏನಾದರೂ ಒಂದು ಇರಬೇಕೆಂಬ ಆಸೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಕಲ್ಲಿನ ಬಟ್ಟಲಾದರೂ ಸರಿ. ಆದರೆ ಆಸೆ ಬೇರೆ, ಸಂಬಂಧ ಬೇರೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಹೊಳಬಸಪ್ಪ


ಇಳಕಲ್ಲಿನ ಗೋಲ್‌ಕೀಪರ್ ಗೌತಮನಿಗೆ ಅಂದಾನಪ್ಪ ಬರೆದ ಚೀಟಿ
12 ಡಿಸೆಂಬರ್ 2024

ಗೌತಮ, ಇದನ್ನು ಓದಿ ಹರಿದು ಹಾಕು.

ಹೆಣ್ಣು ಕೊಡುವವರು ಬೀಗರ ಮುಂದೆ ಮೇಲುಗೈ ಸಾಧಿಸಬಾರದು. ಅದರ ಮೇಲೆ ಆ ಮನುಷ್ಯನ ಕಪಾಟು ಮೂವತ್ತೊಂದು ವರ್ಷದಿಂದ ಖಾಲಿ ಇದೆ. ಅವರ ತೌಸಿಫ ಚೆಂಡು ಎಡಕ್ಕೆ ಹೊಡೆದರೆ ನೀನು ಬಲಕ್ಕೆ ಜಿಗಿ, ಬಲಕ್ಕೆ ಹೊಡೆದರೆ ಎಡಕ್ಕೆ ಜಿಗಿ. ಜಿಗಿಯುವುದನ್ನು ಮಾತ್ರ ಚಂದಾಗಿ ಜಿಗಿಯಬೇಕು, ಜನ ನೋಡುತ್ತಿರುತ್ತಾರೆ. ನಮ್ಮ ಫಾರ್ವರ್ಡುಗಳಿಗೆ ನಾನು ಬೇರೆ ಹೇಳಿದ್ದೇನೆ. ಐಶ್ವರ್ಯಳಿಗೆ ತಿಳಿದರೆ ನನ್ನ ಕತೆ ಮುಗಿಯಿತು.

ಅಂದಾನಪ್ಪ


ಬಾದಾಮಿಯ ಫಾರ್ವರ್ಡ್ ತೌಸಿಫನಿಗೆ ಹೊಳಬಸಪ್ಪ ಬರೆದ ಚೀಟಿ
13 ಡಿಸೆಂಬರ್ 2024

ತೌಸಿಫ,

ಜನವರಿ 5ರ ಪಂದ್ಯಕ್ಕೆ ನೀನು ಬರುವುದು ಬೇಡ. ಗುಳೇದಗುಡ್ಡದಲ್ಲೇ ಇದ್ದು ಮಗ್ಗದಲ್ಲಿ ನಿಮ್ಮ ತಾಯಿಗೆ ಕೈಗೂಡಿಸು. ನೀನು ಬಂದರೆ ಗೋಲು ಹೊಡೆಯದೆ ಇರಲಾರೆ, ನನಗೆ ಗೊತ್ತು. ಹುಡುಗಿಯ ತಂದೆಯನ್ನು ಅವರೂರ ಮಂದಿಯ ಮುಂದೆ ಸೋಲಿಸಿ ಕಳಿಸಿ, ತಿಂಗಳು ಕಳೆದು ಆ ಹುಡುಗಿಯನ್ನೇ ಮನೆ ತುಂಬಿಸಿಕೊಂಡರೆ ಆಕೆ ಅದನ್ನು ಮರೆತಾಳೆಯೇ? ನನ್ನ ಕಪಾಟಿಗಿಂತ ನನ್ನ ಮಗನ ಸಂಸಾರ ದೊಡ್ಡದು. ಇದನ್ನು ಓದಿ ಹರಿದು ಹಾಕು.

ನಿನ್ನ ಸರ್


ಇಳಕಲ್
17 ಡಿಸೆಂಬರ್ 2024

ಬೀಗರಿಗೆ ಶರಣಾರ್ಥಿ.

ನಿಮ್ಮ ಗೋಲ್‌ಕೀಪರನ ಹೆಬ್ಬೆರಳು ನವೆಂಬರಿನಲ್ಲಿ ಮುರಿದಿತ್ತಲ್ಲ, ಈಗ ಹೇಗಿದೆ? ರಾತ್ರಿ ಅರಿಷಿಣ ಕಾಸಿ ಕಟ್ಟಲು ಹೇಳಿರಿ. ತೌಸಿಫ ಸರಿಯಾಗಿ ಊಟ ಮಾಡುತ್ತಾನಷ್ಟೆ? ನಮ್ಮ ಮೈದಾನಕ್ಕಿಂತ ಹುನಗುಂದದ ನೆಲ ಗಟ್ಟಿ. ನಿಮ್ಮ ಹುಡುಗರ ಬೂಟುಗಳ ಅಡಿಯ ಮೊಳೆ ಸವೆದದ್ದನ್ನು ನಾನು ವಲಯ ಪಂದ್ಯದಲ್ಲೇ ನೋಡಿದ್ದೆ. ನಮ್ಮಲ್ಲಿ ಹೊಸ ಬೂಟು ಹನ್ನೆರಡು ಜೊತೆ ಹೆಚ್ಚಿಗೆ ಬಂದಿವೆ. ನಜೀರಸಾಬನ ಬಸ್ಸಿನ ಮೇಲೆ ಹಾಕಿ ಕಳಿಸಿದ್ದೇನೆ. ಬೇಡ ಎನ್ನಬಾರದು.

ಅಂದಾನಪ್ಪ


ಬಾದಾಮಿ
20 ಡಿಸೆಂಬರ್ 2024

ಶ್ರೀ ಅಂದಾನಪ್ಪನವರಿಗೆ,

ಬೂಟುಗಳು ಮುಟ್ಟಿದವು. ನಮ್ಮ ಹುಡುಗರು ಬರಿಗಾಲಲ್ಲಿ ಓಡಾಡುತ್ತಿಲ್ಲ ಎಂದು ತಿಳಿಸಲು ಬಯಸುತ್ತೇನೆ. ಗೋಲ್‌ಕೀಪರನ ಹೆಬ್ಬೆರಳು ಯಾವುದು, ಎಡಗೈಯದೋ ಬಲಗೈಯದೋ, ಎಷ್ಟು ನೋಯುತ್ತದೆ ಎಂಬುದು ಎದುರು ತಂಡಕ್ಕೆ ಯಾಕೆ ಬೇಕಾಗುತ್ತದೆ ಎಂದು ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದ ನನಗೆ ಬಿಡಿಸಿ ಹೇಳಬೇಕಾಗಿಲ್ಲ. ಬೀಗರೆಂದು ಸುಮ್ಮನಿದ್ದೇನೆ.

ತೌಸಿಫ ಆಡುವುದಿಲ್ಲ. ಅವನ ತಾಯಿ ಗುಲಾಬಬಿಗೆ ಕುಪ್ಪಸದ ಖಣ ನೇಯುವ ಮಗ್ಗಕ್ಕೆ ಆಳು ಸಾಲದಾಗಿದೆ.

ಹೊಳಬಸಪ್ಪ

ಸೂಚನೆ: ಬೂಟುಗಳು ಅಳತೆಗೆ ಸರಿ ಇವೆ. ಹುಡುಗರು ಬಿಚ್ಚುತ್ತಿಲ್ಲ.


ಇಳಕಲ್
24 ಡಿಸೆಂಬರ್ 2024

ಬೀಗರಿಗೆ ಶರಣು ಶರಣಾರ್ಥಿ.

ಹೆಬ್ಬೆರಳನ್ನು ಕೇಳಿದ್ದು ತಪ್ಪಾಯಿತು. ಅದು ಗುಣವಾಗಲಿ ಎಂದೇ ಕೇಳಿದ್ದು, ಇದಕ್ಕಿಂತ ಹೆಚ್ಚು ಹೇಳಲಾರೆ.

ನಿನ್ನೆ ಗುಳೇದಗುಡ್ಡಕ್ಕೆ ಹೋಗಿದ್ದೆ. ಐಶ್ವರ್ಯಳಿಗೆ ಧಾರೆಯ ಸೀರೆ ನಮ್ಮ ಓಣಿಯಲ್ಲೇ ನೇಯಿಸುತ್ತಿದ್ದೇವೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣವೇ ಕುಪ್ಪಸವಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಖಣ ಹುಡುಕುತ್ತ ಹೋದವನು ಯಾವುದೋ ಮನೆ ಹೊಕ್ಕೆ. ನೋಡಿದರೆ ಅದು ಗುಲಾಬಬಿಯ ಮನೆ. ಆಕಸ್ಮಿಕ. ತೌಸಿಫ ಮಗ್ಗದ ಪಕ್ಕದಲ್ಲಿ ಕೂತು ಕಾಲಿನಿಂದ ನೂಲಿನ ಉಂಡೆ ಒದೆಯುತ್ತಿದ್ದ.

ಅವನನ್ನು ಪಂದ್ಯಕ್ಕೆ ಕಳಿಸಿರಿ ಎಂದು ನಾನು ಕೇಳಿಕೊಂಡೆ. ಗುಲಾಬಬಿ ಮಗ್ಗ ನಿಲ್ಲಿಸಿ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ಅಲ್ರಿ ಸರ, ನೀವು ಆಚೀ ಕಡೆಯವರಲ್ರಿ? ನಮ್ಮ ಹುಡಗನ ಮಾಸ್ತರ ಬರಬ್ಯಾಡ ಅಂತಾರ, ಎದರ ಮಂದಿ ಮಾಸ್ತರ ಕರ್ಯಾಕ ಬಂದೀರಿ. ನಾ ಇಷ್ಟ ವರ್ಷಾತು ಇಂಥಾ ಆಟ ಕಂಡಿಲ್ಲ ತಗೋರಿ" ಎಂದಳು. ನೀವು ರಜೆ ಕೊಟ್ಟದ್ದು ಆ ತಾಯಿಯ ಕಷ್ಟ ನೋಡಿ. ನಿಮ್ಮ ಮನಸ್ಸು ದೊಡ್ಡದು, ಅದು ನನಗೆ ಮೊದಲಿಂದ ಗೊತ್ತು. ನನ್ನ ಖಣ ಎಂಟು ದಿನ ತಡವಾದರೂ ನಡೆಯುತ್ತದೆ ಎಂದು ಹೇಳಿದ್ದೇನೆ. ತೌಸಿಫ ಬರುತ್ತಾನೆ.

ಅಂದಾನಪ್ಪ


ಬಾದಾಮಿ
29 ಡಿಸೆಂಬರ್ 2024

ಬೀಗರಿಗೆ ಶರಣು.

ನಿಮ್ಮ ಕಾಗದವನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದೆ. "ಇದರಾಗ ಏನೋ ಐತಿ" ಅಂದಳು. ಏನೂ ಇಲ್ಲ ಅಂದೆ. ಏನಿದೆ?

ಎದುರು ತಂಡದ ಕೋಚ್ ನಮ್ಮ ಫಾರ್ವರ್ಡನ ಮನೆಗೆ ಹೋಗಿ ಆಟಕ್ಕೆ ಕರೆದದ್ದನ್ನು ನಾನು ಎಲ್ಲೂ ಕೇಳಿಲ್ಲ. ಇಲ್ಲಿ ಸ್ಟಾಫ್ ರೂಮಿನಲ್ಲಿ ಕೆಲವರು ಇದು ಸೊಕ್ಕು ಎನ್ನುತ್ತಾರೆ, ಕೆಲವರು ಹೂಟ ಎನ್ನುತ್ತಾರೆ. ನಾನು ಮಾತ್ರ ಇದು ಬೀಗತನದ ಪ್ರೀತಿ ಎಂದೇ ತಿಳಿದಿದ್ದೇನೆ, ತಿಳಿಯಲು ಬಹಳ ಕಷ್ಟಪಡುತ್ತಿದ್ದೇನೆ. ಐದನೇ ತಾರೀಖು ಅವ್ವನನ್ನೂ ಕರೆತರುತ್ತೇನೆ.

ಹೊಳಬಸಪ್ಪ


ಬಾದಾಮಿ
6 ಜನವರಿ 2025

ಇವರಿಗೆ,
ದೈಹಿಕ ಶಿಕ್ಷಣ ನಿರ್ದೇಶಕರು, ಎದುರು ತಂಡ, ಇಳಕಲ್.

ವಿಷಯ: ನಮ್ಮ ತಂಡ ಗೆದ್ದಿರುವುದರ ವಿರುದ್ಧ ತಕರಾರು.

ಮಾನ್ಯರೇ,

ಪಂದ್ಯ ಮುಗಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಲಿಖಿತ ತಕರಾರು ಕೊಡಬೇಕು, ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯಬೇಕು ಎಂಬ ನಿಯಮ ನಿಮಗೂ ಗೊತ್ತು. ಆದ್ದರಿಂದ ನೀವೂ ಅಲ್ಲೇ ನಿಂತು ನೋಡಿದ್ದನ್ನು ಮತ್ತೆ ಬರೆಯುತ್ತಿದ್ದೇನೆ.

ನಿನ್ನೆ ಹುನಗುಂದದಲ್ಲಿ ಮೊದಲ ನಲವತ್ತೈದು ನಿಮಿಷ ಎರಡೂ ತಂಡಗಳು ಒಂದೇ ಒಂದು ಸಲ ಗೋಲಿಗೆ ಗುರಿಯಿಟ್ಟು ಹೊಡೆಯಲಿಲ್ಲ. ನಿಮ್ಮ ಫಾರ್ವರ್ಡುಗಳು ಹೊಡೆದ ಚೆಂಡು ಮೂರು ಸಲ ಪಕ್ಕದ ಹೊಲಕ್ಕೆ ಹೋಯಿತು. ನಮ್ಮ ತೌಸಿಫ ಚೆಂಡು ತಂದು ನಿಮ್ಮ ಗೋಲಿನ ಬಾಯಿಯಲ್ಲಿ ನಿಂತ, ಅಲ್ಲಿಂದ ತಿರುಗಿ ಅದನ್ನು ನಮ್ಮ ಗೋಲ್‌ಕೀಪರನಿಗೇ ವಾಪಸು ಕಳಿಸಿದ. ನೀವು ಅವನನ್ನು ಕರೆತಂದ ಮೇಲೆ ಮಧ್ಯದ ಗೆರೆ ದಾಟಿದರೂ ಗೋಲು ಹೊಡೆಯಬೇಡ ಎಂದು ನಾನೇ ಆಣೆ ಹಾಕಿದ್ದೆ. ಎರಡನೇ ಸಲ ಹೀಗೇ ಆದಾಗ ಕಂಬಕ್ಕೆ ಒರಗಿ ನಿಂತಿದ್ದ ನಿಮ್ಮ ಗೌತಮ, "ಹೊಡೀಲೇ ತೌಸಿಫ, ನಾ ಎಷ್ಟೊತ್ತು ಹಿಂಗ ಬಾಜೂಕ ಸರದು ನಿಂದರ್ಲಿ?" ಎಂದು ಕೂಗಿದ. ಮೈದಾನಕ್ಕೆಲ್ಲ ಕೇಳಿಸಿತು.

ಐಶ್ವರ್ಯ ಅರ್ಧ ಆಟದ ಸೀಟಿ ಊದಿ ಆ ಇಬ್ಬರನ್ನೂ ಕರೆದಳು. ನಾವು ಓದಿ ಹರಿದು ಹಾಕು ಎಂದಿದ್ದ ಚೀಟಿಗಳನ್ನು ಇಬ್ಬರೂ ಕಾಲುಚೀಲದಿಂದ ತೆಗೆದು ಕೊಟ್ಟರು. ಹೇಳಿದ್ದರಲ್ಲಿ ಅದೊಂದನ್ನು ಯಾರೂ ಮಾಡಲಿಲ್ಲ. ಆಕೆ ಎರಡನ್ನೂ ಓದಿ ನಮ್ಮನ್ನು ಮೈದಾನದ ನಡುವೆ ನಿಲ್ಲಿಸಿದಳು.

"ಅಪ್ಪಾ, ಇವು ನಿಮ್ಮ ಅಕ್ಷರ. ಮಾವಾರ, ಇವು ನಿಮ್ಮವು. ಒಬ್ರು ಮಗಳ ಸಲುವಾಗಿ ಸೋಲಾಕ ಬಂದೀರಿ, ಒಬ್ರು ಸೊಸಿ ಸಲುವಾಗಿ ಸೋಲಾಕ ಬಂದೀರಿ. ನಡುವ ನಾ ಸೀಟಿ ಹಿಡಕೊಂಡು ಹುಚ್ಚಿಯಂಗ ಓಡಾಡಾಕತ್ತೇನಿ. ನನ್ನ ಹೆಸರಿನ ಮ್ಯಾಲ ಸುಳ್ಳು ಆಟ ಆಡಸ್ತೀರಂದ್ರ ನನಗ ಈ ಸೀಟೀನೂ ಬ್ಯಾಡ, ಲಗ್ನಾನೂ ಬ್ಯಾಡ. ಯಾರರ ಸೋಲ್ರಿ, ಖರೇ ಸೋಲ್ರಿ" ಎಂದಳು. ಇಬ್ಬರಿಗೂ ಹಳದಿ ಕಾರ್ಡು ತೋರಿಸಿದಳು. ಅವ್ವ ಕುರ್ಚಿಯಲ್ಲಿ ಕೂತೇ, "ಲಗ್ನಕ್ಕ ಇನ್ನ ತಿಂಗಳೈತಿ, ಈಗಲೇ ಅರಿಷಿಣ ಹಚ್ಚಿದ್ಲೇನು?" ಎಂದು ಕೇಳಿದಳು.

ನಾನು ಸೋಲಲೆಂದೇ ಬಂದವನು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಹುಡುಗಿ ಅಷ್ಟು ಹೇಳಿದ ಮೇಲೆ ನಾನು ನನ್ನ ಹುಡುಗರಿಗೆ ಒಂದೇ ಮಾತು ಹೇಳಿದೆ, ಇನ್ನು ಆಡಿರಿ. ನೀವೂ ಅದನ್ನೇ ಹೇಳಿದ್ದನ್ನು ಕೇಳಿದೆ. ಆಮೇಲಿನ ನಲವತ್ತೈದು ನಿಮಿಷ ಇದೆಯಲ್ಲ, ಅಂಥ ಆಟ ನಾನು ನನ್ನ ಸರ್ವೀಸಿನಲ್ಲಿ ಆಡಿಸಿಲ್ಲ. ತೌಸಿಫ ಎರಡು ಗೋಲು, ನಿಮ್ಮವರು ಒಂದು.

ಕೊನೆಯ ನಿಮಿಷದಲ್ಲಿ ನಿಮ್ಮ ಹುಡುಗ ನೀವು ನಿಂತ ಬದಿಯ ಗೆರೆಯ ಗುಂಟ ಚೆಂಡು ತಂದು ಒಳಗೆ ಹಾಕಿದ, ಇನ್ನೊಬ್ಬ ತಲೆ ಕೊಟ್ಟ, ಗೋಲಾಯಿತು. ಎರಡಕ್ಕೆ ಎರಡು. ನಿಮ್ಮೂರ ಮಂದಿ ಮೈದಾನಕ್ಕೆ ನುಗ್ಗಿದರು. ಆಗ ಐಶ್ವರ್ಯ ನಿಮ್ಮ ಕಡೆ ನೋಡಿದಳು. ನೀವು ಬಾವುಟ ಎತ್ತಿದಿರಿ. ಚೆಂಡು ಮೊದಲೇ ಹೊರಗೆ ಹೋಗಿತ್ತು ಎಂದಿರಿ. ಗೋಲು ರದ್ದಾಯಿತು, ನಾವು ಗೆದ್ದೆವು.

ಮಧ್ಯಾಹ್ನ ಸೋಲಲು ಚೀಟಿ ಬರೆದುಕೊಂಡು ಬಂದ ಮನುಷ್ಯ, ಸಂಜೆ ತನ್ನದೇ ತಂಡದ ಗೋಲಿಗೆ ಬಾವುಟ ಎತ್ತುತ್ತಾನೆ. ಇದನ್ನು ನಾನು ಏನೆಂದು ತಿಳಿಯಲಿ? ಮೂವತ್ತೊಂದು ವರ್ಷಕ್ಕೆ ಕಪಾಟಿಗೆ ಒಂದು ಗೆಲುವು, ಅದನ್ನೂ ಬೀಗರು ನನಗೆ ಉಡಿ ತುಂಬಿ ಕಳಿಸಿದರು ಎಂದು ತಿಳಿಯಲೇ? ಅದಕ್ಕೇ ನಾನು ಮಜ್ಜಿಗೆ ಸುರಿಸಿಕೊಳ್ಳದೆ, ಬಟ್ಟಲು ಮುಟ್ಟದೆ ಬಂದೆ. ಅದು ಹುನಗುಂದದ ಮೈದಾನದಲ್ಲೇ ಇದೆ. ಅದರಲ್ಲಿ ನಾಯಿ ನೀರು ಕುಡಿಯುತ್ತಿದೆ ಎಂದು ನಜೀರಸಾಬ ಹೇಳಿದ.

ಆ ಬಾವುಟ ಖರೆಯದೋ ದಾನದ್ದೋ ತಿಳಿಸಬೇಕು. ಅಲ್ಲಿಯವರೆಗೆ ಲಗ್ನಪತ್ರಿಕೆ ಅಚ್ಚಿಗೆ ಕೊಡಬಾರದು. "ಯಪ್ಪಾ, ನನ್ನ ಲಗ್ನಕ್ಕೂ ಆಫ್‌ಸೈಡ್ ಹಾಕ್ತೀಯೇನು?" ಎಂದು ಚೇತನ ಕೇಳಿದ. ಅವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಆದರೂ ನನಗೆ ಇದು ತಿಳಿಯಲೇಬೇಕು.

ಇತಿ,
ಹೊಳಬಸಪ್ಪ
ದೈಹಿಕ ಶಿಕ್ಷಣ ನಿರ್ದೇಶಕ (ಜನವರಿ 31ರ ವರೆಗೆ)


ಇಳಕಲ್
9 ಜನವರಿ 2025

ಹೊಳಬಸಪ್ಪನವರೇ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು.

ರವಿವಾರದ ಚೆಂಡು ಖರೆ ಹೊರಗೆ ಹೋಗಿತ್ತು. ನಾಲ್ಕು ಬೆರಳಿನಷ್ಟು. ನೋಡಿದವನು ನಾನೊಬ್ಬನೇ, ನನ್ನ ಮಾತನ್ನು ನೀವು ನಂಬುವುದಿಲ್ಲ. ನಂಬಿಸಲು ನನ್ನ ಹತ್ತಿರ ಒಂದೇ ಸಾಕ್ಷಿ ಇದೆ. ಅದನ್ನು ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದೆ.

1996ರ ಚೆಂಡೂ ಹೋಗಿತ್ತು.

ಆ ದಿನವೂ ಆ ಬದಿಯ ಬಾವುಟ ನನ್ನ ಕೈಯಲ್ಲಿತ್ತು. ನನ್ನ ಕಾಲಿನ ಮುಂದೆಯೇ ಚೆಂಡು ಸುಣ್ಣದ ಗೆರೆ ದಾಟಿ ಬಂತು. ನಮ್ಮ ಹುಡುಗ ಅದನ್ನು ಎಳೆದುಕೊಂಡು ಹೋದ. ಕೈ ಎತ್ತಬೇಕು ಎಂದುಕೊಂಡೆ. ಎತ್ತಲಿಲ್ಲ. ಕೆಲಸಕ್ಕೆ ಸೇರಿ ಎರಡೇ ವರ್ಷವಾಗಿತ್ತು, ಕಾಯಂ ಆಗಿರಲಿಲ್ಲ, ಕಪ್ಪು ತಂದರೆ ಆಗುತ್ತದೆ ಎಂದು ಯಾರೋ ಹೇಳಿದ್ದರು. ನೀವು ಆಚೆ ಬದಿಯಿಂದ ಕೂಗುತ್ತ ಓಡಿ ಬಂದಿರಿ. ಅಷ್ಟು ದೂರದಿಂದ ಈ ಮನುಷ್ಯನಿಗೆ ಹೇಗೆ ಕಾಣಿಸಿತು ಎಂದು ನಾನು ಬಾವುಟವನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಆವತ್ತಿನಿಂದ ನೀವು ಚೆಂಡಿನ ಮಾತು ತೆಗೆದಾಗೆಲ್ಲ ನಾನು ಗಾದೆಮಾತು ಹುಡುಕಿದ್ದೇನೆ.

ರವಿವಾರ ಮತ್ತೆ ಅದೇ ಗೆರೆ, ಅದೇ ಬಾವುಟ. ಆದರೆ ಈ ಸಲ ನನ್ನ ಕಡೆ ನೋಡುತ್ತಿದ್ದವಳು ನನ್ನ ಮಗಳು. ಆಕೆಯ ಮುಖ ನೋಡಿದ ಮೇಲೆ ಕೈ ತಾನೇ ಮೇಲೆ ಹೋಯಿತು. ನಿಮಗೆ ನಾನು ಏನನ್ನೂ ದಾನ ಕೊಟ್ಟಿಲ್ಲ. ಬಟ್ಟಲು ನೀವು ಗೆದ್ದದ್ದು. ದಾನ ಬೇಕಾಗಿರುವುದು ನನಗೆ, ಕ್ಷಮೆಯ ದಾನ.

1996ರ ಕಪ್ಪನ್ನು ನಮ್ಮ ಪ್ರಿನ್ಸಿಪಾಲರಿಗೆ ಎಲ್ಲ ಹೇಳಿ, ಕೇಳಿಕೊಂಡು ತಂದಿದ್ದೇನೆ. ನಜೀರಸಾಬನ ಕೈಯಲ್ಲಿ ಚೀಲದಲ್ಲಿದೆ. ಇಷ್ಟು ವರ್ಷ ಅದಕ್ಕೆ ಪಾಲಿಶ್ ಹಾಕಿಸಲು ನನಗೆ ಮನಸ್ಸು ಬಂದಿಲ್ಲ. ನಿಮ್ಮ ಕಪಾಟಿನಲ್ಲಿ ಇಡಿರಿ. ಇಂಥವನ ಮನೆಯ ಹುಡುಗಿ ಬೇಡ ಎಂದರೂ ನಾನು ತುಟಿ ಬಿಚ್ಚುವುದಿಲ್ಲ. ಆಕೆ ನನ್ನಂಥವಳಲ್ಲ, ಅಷ್ಟು ಮಾತ್ರ ನೋಡಿರಿ.

ಅಂದಾನಪ್ಪ


ಬಾದಾಮಿ
12 ಜನವರಿ 2025

ಲೇ ಅಂದಾನಿ,

ಕಾಗದ ಓದಿದೆ. ಕಪ್ಪು ನೋಡಿದೆ. ಅರ್ಧ ಗಂಟೆ ಅದನ್ನು ಮುಂದೆ ಇಟ್ಟುಕೊಂಡು ಕೂತಿದ್ದೆ. ಅವ್ವನೇ ಮಾತು ಬಿಟ್ಟದ್ದನ್ನು ಮರೆತು, "ಯಾಕೋ ಬಸ್ಯಾ, ಕಣ್ಣಾಗ ನೀರು?" ಎಂದಳು. ಕಸ ಬಿದ್ದಿದೆ ಎಂದೆ. ಜೋಳ ಹಸನು ಮಾಡುವವರ ಮನೆಯಲ್ಲಿ ಆ ಸುಳ್ಳು ನಡೆಯುತ್ತದೆ.

ನೀನು ಹೇಳಿದ ಮೇಲೆ ನಾನೂ ಹೇಳದಿದ್ದರೆ ಆಗುವುದಿಲ್ಲ. ಆವತ್ತು ಚೆಂಡು ಹೊರಗೆ ಹೋದದ್ದನ್ನು ನಾನು ನೋಡಿಲ್ಲ.

ನನ್ನ ಬದಿಯಲ್ಲಿ ಯಾರದೋ ಎಮ್ಮೆ ಮೈದಾನಕ್ಕೆ ನುಗ್ಗಿತ್ತು. ಕೈಯಲ್ಲಿ ಬಾವುಟ ಬಿಟ್ಟರೆ ಬೇರೆ ಕೋಲಿರಲಿಲ್ಲ. ಅದರಿಂದಲೇ ಎಮ್ಮೆ ಹೊಡೆಯುತ್ತಿದ್ದೆ, ಬೆನ್ನು ನಿಮ್ಮ ಕಡೆ ಇತ್ತು. ಗದ್ದಲ ಕೇಳಿ ತಿರುಗಿದರೆ ಗೋಲಾಗಿತ್ತು. ಎಮ್ಮೆಯ ಹಿಂದೆ ಹೋಗಿ ಫೈನಲ್ ಸೋತೆ ಎಂದು ನಾನು ಊರಿಗೆ ಹೇಗೆ ಹೇಳಲಿ? ಬಾಯಿಗೆ ಬಂದದ್ದು ಕೂಗಿದೆ. ಕೂಗಿ ಕೂಗಿ, ಎರಡು ಕಣ್ಣಿನಿಂದ ನೋಡಿದ್ದೇನೆ ಎಂದು ನನಗೇ ಅನಿಸತೊಡಗಿತು. ನಿನ್ನ ಕಾಗದ ಬಂದ ಮೇಲೆಯೇ ನನಗೆ ಗೊತ್ತಾದದ್ದು, ಇಪ್ಪತ್ತೆಂಟು ವರ್ಷ ನಾನು ಹೇಳಿದ ಸುಳ್ಳು ಖರೆ ಎಂದು. ನೀನು ಖರೆ ಮುಚ್ಚಿಟ್ಟೆ, ನಾನು ಸುಳ್ಳು ಸಾರಿದೆ. ಕ್ಷಮೆ ಕೇಳುವುದಿದ್ದರೆ ಇಬ್ಬರೂ ಕೂಡಿ ಆ ಎಮ್ಮೆಯನ್ನು ಕೇಳಬೇಕು.

ಹಾಗಂತ ನೀನು ಪಾರಾದೆ ಎಂದು ತಿಳಿಯಬೇಡ. ಬಾವುಟ ಎತ್ತಬೇಕಿತ್ತು ಲೇ.

ಹಳೆಯ ಕಪ್ಪು ನನಗೆ ಬೇಡ, ವಾಪಸು ತರುತ್ತೇನೆ. ಕಪಾಟಿನಿಂದ ಕಪ್ಪು-ಬಸಿ ತೆಗೆಸಿದ್ದೇನೆ. ಬಟ್ಟಲಿನ ಭಾರಕ್ಕೆ ಹಲಗೆ ಮುರಿಯಬಾರದೆಂದು ಬಡಿಗೇರನನ್ನೂ ಕರೆಸಿದ್ದೇನೆ. ತಕರಾರು ಹಿಂದೆ ತೆಗೆದುಕೊಂಡಿದ್ದೇನೆ, ಲಗ್ನಪತ್ರಿಕೆ ಅಚ್ಚಿಗೆ ಕೊಡು. ಅವ್ವನಿಗೆ ಎಲ್ಲ ಓದಿ ಹೇಳಿದೆ. "ಇಬ್ರೂ ಕೂಡಿ ಒಂದು ಖರೇ ಹೇಳಾಕ ಇಷ್ಟ ಕಾಗದ ಬೇಕಾದುವು. ಫೋನಿನಾಗ ಆಗಿದ್ರ ಸಾಯೂತನಾ ಜಗಳಾಡ್ತಿದ್ರಿ" ಎಂದಳು. ಫೋನಿಗೆ ಪರವಾನಗಿ ಕೊಟ್ಟಿದ್ದಾಳೆ. ಇರಲಿ, ನಿವೃತ್ತಿಯಾದ ಮೇಲೆ ನನಗೆ ಬೇರೆ ಕೆಲಸವಿಲ್ಲ, ನೀನು ಬರೆಯುತ್ತಲೇ ಇರು.

ನಾಳೆ ಹತ್ತರ ಬಸ್ಸಿಗೆ ಹುನಗುಂದಕ್ಕೆ ಬಾ. ಸಂಕ್ರಮಣದ ಎಳ್ಳು-ಬೆಲ್ಲ ಅವ್ವ ಕಟ್ಟಿ ಕೊಟ್ಟಿದ್ದಾಳೆ. ಆ ಬಟ್ಟಲು ನನ್ನೊಬ್ಬನಿಂದ ಏಳುವುದಿಲ್ಲ, ಒಂದು ಕಡೆ ನೀನು ಹಿಡಿ. ಬರುವಾಗ ಇನ್ನೊಂದು ಅಂಗಿ ಇಟ್ಟುಕೊಂಡು ಬಾ. ಮಜ್ಜಿಗೆ ಇಬ್ಬರ ತಲೆಗೂ ಸಾಕಾಗುವಷ್ಟು ತರಲು ಐಶ್ವರ್ಯಳಿಗೆ ಹೇಳಿದ್ದೇನೆ.

ನಿನ್ನ
ಬಸಪ್ಪ